ಏಳನೆಯ ಕುಂಕುಮ

ಆರು.

ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದೆ. ಆರೇ. ಅನಿತಾಳ ಫೋನಿನ ಮೇಲೆ ಎರಡು ಬೆರಳಿಟ್ಟು ಫೋಟೊ ದೊಡ್ಡದು ಮಾಡಿದೆ, ಬಾಗಿಲ ಬೆಳಕಿಗೆ ಹಿಡಿದೆ, ಓರೆ ಮಾಡಿದೆ. ಗೋಡೆಗೆ ತೂಗುಹಾಕಿದ ಆ ದೊಡ್ಡ ನಕ್ಷೆಯ ಮೇಲೆ ಕುಂಕುಮದ ಬೊಟ್ಟು ಆರಕ್ಕೆ ಒಂದೂ ಹೆಚ್ಚಾಗಲಿಲ್ಲ.

"ನೀನೇ ಎಣಿಸಪ್ಪ," ಎಂದು ಫೋನನ್ನು ಓಬಳೇಶನತ್ತ ಚಾಚಿದೆ. ಅವನು ಈಸಿಕೊಳ್ಳಲೇ ಇಲ್ಲ.

"ಎಣಿಸೋದೇನೈತೆ ಮೇಡಂ. ಆರೇ ಇದ್ದಿದ್ದು. ಎರಡು ತಿಂಗಳಿಂದ ಅದನ್ನೇ ಬಡ್ಕೊಂತಿದೀನಿ, ಯಾರು ಕೇಳಿದ್ರು?"

ಬಿಳಿಚೋಡಿನ ಅವನ ಮನೆಯ ಪಡಸಾಲೆಯಲ್ಲಿ ನಾನು, ಅವನು, ಅವನ ಹೆಂಡತಿ ಅನಿತಾ ಕೂತಿದ್ದೆವು. ಗುರುವಾರ ಮಧ್ಯಾಹ್ನ. ಸೋಮವಾರ ಕೋರ್ಟು. ಅವನಿಗೆ ಸಿಕ್ಕಿದ್ದ ತಾತ್ಕಾಲಿಕ ಜಾಮೀನು ಅವತ್ತಿಗೆ ಮುಗಿಯುತ್ತಿತ್ತು.

ನ್ಯಾಮತಿ ಹೊರವಲಯದ ಕಣಜ ಎಥನಾಲ್ ಕಾರ್ಖಾನೆಯಲ್ಲಿ ಎರಡು ತಿಂಗಳ ಹಿಂದೆ ಮೂರನೇ ಟ್ಯಾಂಕಿನ ಸ್ಪಿರಿಟ್ಟು ಉಕ್ಕಿ ಹರಿದು ಬೆಂಕಿ ಹತ್ತಿತ್ತು. ಕೆಳಗಿದ್ದ ಧರ್ಮಪ್ಪ ಎಂಬ ಕೆಲಸಗಾರ ಸುಟ್ಟು ಸತ್ತ. ಕಂಟ್ರೋಲ್ ರೂಮಿನಲ್ಲಿ ಆಗ ಕೂತಿದ್ದವನು ಈ ಓಬಳೇಶ. ಕಾರ್ಖಾನೆಯವರ ದೂರು ಸರಳ: ಟ್ಯಾಂಕು ತುಂಬಿದರೆ ತಾನಾಗಿಯೇ ಪಂಪು ನಿಲ್ಲಿಸುವ ಸುರಕ್ಷತಾ ವ್ಯವಸ್ಥೆ ಅಲ್ಲಿತ್ತು, ಅದು ಪದೇ ಪದೇ ಕೂಗುತ್ತದೆಂದು ಓಬಳೇಶ ಕೀ ತಿರುಗಿಸಿ ಅದರ ಬಾಯಿ ಮುಚ್ಚಿಸಿದ, ಆದ್ದರಿಂದ ಈ ಸಾವು ಅವನ ತಲೆಯ ಮೇಲೆ. ಓಬಳೇಶನ ಮಾತು ಇನ್ನೂ ಸರಳ: ಮೂರನೇ ಟ್ಯಾಂಕಿಗೆ ಅಂಥ ವ್ಯವಸ್ಥೆಯೇ ಇರಲಿಲ್ಲ. ಇಲ್ಲದ್ದರ ಬಾಯಿ ಮುಚ್ಚಿಸುವುದು ಹೇಗೆ?

ಟ್ಯಾಂಕು ಸುಟ್ಟು ಕರಕಲಾಗಿದೆ, ಅದರ ಬುಡದ ಪೆಟ್ಟಿಗೆಯಲ್ಲಿದ್ದ ಕೀಯೂ ಬೆಂಕಿಯಲ್ಲಿ ಹೋಯಿತು ಅನ್ನುತ್ತಾರೆ. ಉಳಿದಿರುವುದು ಯಾವ ಟ್ಯಾಂಕಿಗೆ ಯಾವ ಕಂಟ್ರೋಲು ಅಂತ ತೋರಿಸುವ ಒಂದು ನಕ್ಷೆ. ಕಾರ್ಖಾನೆಯವರು ಕೋರ್ಟಿಗೆ ಕೊಟ್ಟ ಪ್ರತಿಯಲ್ಲಿ ಮೂರನೇ ಟ್ಯಾಂಕಿಗೂ ಆ ವ್ಯವಸ್ಥೆ ಇದೆ; ಸೋಮವಾರ ನ್ಯಾಯಾಧೀಶರು ಅದನ್ನು ನಂಬಿದರೆ ಓಬಳೇಶ ನೇರ ಒಳಗೆ.

ನಾನು ನೇತ್ರಾವತಿ. ಇಪ್ಪತ್ತೆಂಟು ವರ್ಷ ಪೊಲೀಸ್ ಇಲಾಖೆಯಲ್ಲಿ ಸವೆದು, ಎಎಸ್‌ಐ ಆದಮೇಲೆ ಸಾಕಪ್ಪಾ ಸಾಕು ಅಂತ ಬಿಟ್ಟು ಬಂದು, ಈಗ ಹೊನ್ನಾಳಿಯ ಮನೆಯಿಂದಲೇ ವಕೀಲರಿಗೆ ಪತ್ತೆ ಕೆಲಸ ಮಾಡಿಕೊಡುವವಳು. ನಕ್ಷೆ ಗಿಕ್ಷೆ ನನಗೆ ತಿಳಿಯದು. ತಿಳಿಯದ್ದನ್ನು ತಿಳಿದವರ ಹಾಗೆ ತಲೆಯಾಡಿಸುವ ಅಭ್ಯಾಸವೂ ಇಲ್ಲ.

"ಸರಿಯಾಗಿ ಬಿಡಿಸಿ ಹೇಳು. ನಾನು ದಡ್ಡಿ ಅಂದ್ಕೋ," ಎಂದೆ.

ಅವನ ತಾಯಿ ಗಾದ್ರಮ್ಮ ನನ್ನ ಮುಂದೆ ತಿಂಡಿಯ ಚೌಕ ಡಬ್ಬಿ ಇಟ್ಟು ಹೋಗಿದ್ದರು. ಓಬಳೇಶ ಅದರ ಮುಚ್ಚಳ ತೆಗೆದು ಮಗುಚಿ ನೆಲದ ಮೇಲಿಟ್ಟ. ಒಳಗಿಂದ ಒಂದು ನಿಪ್ಪಟ್ಟು ತೆಗೆದು ಮುಚ್ಚಳದ ನಡುವೆ ಇಟ್ಟ.

ಚೌಕದೊಳಗೆ ದುಂಡಗೆ ಗುರುತಿದ್ದರೆ ಅದು ದಿನದ ಕೆಲಸ ನಡೆಸುವ ಸಾಮಾನ್ಯ ಕಂಟ್ರೋಲು ಅಂದ. ಟ್ಯಾಂಕು ಎಷ್ಟು ತುಂಬಿದೆ ಎಂದು ನೋಡುತ್ತದೆ, ಪಂಪನ್ನು ಜೋರು ಮಾಡುತ್ತದೆ, ನಿಧಾನ ಮಾಡುತ್ತದೆ. ಆಮೇಲೆ ನಿಪ್ಪಟ್ಟು ಎತ್ತಿ ಒಂದು ಶಂಕರಪೋಳಿ ಇಟ್ಟ. ಚೌಕದೊಳಗೆ ಹೀಗೆ ಮೂಲೆ ಮೇಲಾಗಿ ನಿಂತ ಗುರುತಿದ್ದರೆ ಅದು ಸುರಕ್ಷತೆಯದು. ಅದು ದಿನದ ಕೆಲಸಕ್ಕೆ ಕೈ ಹಾಕುವುದಿಲ್ಲ. ಸಾಮಾನ್ಯ ಕಂಟ್ರೋಲು ಕೈಕೊಟ್ಟಾಗ ಮಾತ್ರ ಎದ್ದು ಎಲ್ಲ ಬಂದ್ ಮಾಡುತ್ತದೆ. ಎರಡಕ್ಕೂ ಕಣ್ಣು ಬೇರೆ, ತಂತಿ ಬೇರೆ, ಡಬ್ಬಿ ಬೇರೆ.

"ನಿಪ್ಪಟ್ಟು ನಡೆಸ್ತೈತೆ, ಶಂಕರಪೋಳಿ ನಿಲ್ಲಿಸ್ತೈತೆ. ನಮ್ಮ ಮಾವ ಎಲ್ಲರಿಗೂ ಹಿಂಗೇ ಕಲಿಸಿದ್ದು."

ಮಾವ ಅಂದರೆ ಪಾಲಣ್ಣ. ಅನಿತಾಳ ತಂದೆ, ಅದೇ ಕಾರ್ಖಾನೆಯ ಹಿರಿಯ ಫಿಟ್ಟರ್. ಮೂರು ವಾರದ ಹಿಂದೆ ನನ್ನ ಮನೆಗೆ ಬಂದು ಈ ಕೆಲಸ ಒಪ್ಪಿಸಿದವರೂ ಅವರೇ. ಅವರ ಬಲಗೈಯ ಉಂಗುರದ ಬೆರಳಿನ ತುದಿ ಎಂದೋ ಗೇರಿನ ಹಲ್ಲಿಗೆ ಸಿಕ್ಕಿ ಓರೆಯಾಗಿ ತುಂಡಾಗಿದೆ. ಹೊರಡುವಾಗ ಅದೇ ಬೆರಳಿನಿಂದ ನನ್ನ ಸ್ಕೂಟರಿಗೆ ಕುಂಕುಮ ಇಟ್ಟು, ಕೆಲಸ ಚೆನ್ನಾಗಿ ನಡೆಯಲಿ ಅಂದಿದ್ದರು. ಬೊಟ್ಟು ದುಂಡಗೆ ಬಂದಿರಲಿಲ್ಲ, ಒಂದು ಕಡೆ ಕತ್ತರಿಸಿದ ಅವರೆಕಾಳಿನ ಹಾಗಿತ್ತು. ಬೇರೆ ಬೆರಳಲ್ಲಿ ಇಡಬಾರದೇ ಎಂದರೆ, ದೇವರ ಕೆಲಸಕ್ಕೆ ಅದೇ ಬೆರಳು ಅಂತ ನಕ್ಕಿದ್ದರು.

ಆ ನಕ್ಷೆಗೂ ಕುಂಕುಮ ಇಡುವವರು ಪಾಲಣ್ಣನೇ ಅಂತೆ. ಪ್ರತಿ ವರ್ಷ ಆಯುಧಪೂಜೆಯ ದಿನ ಯಂತ್ರಗಳಿಗೆಲ್ಲ ಪೂಜೆಯಾದ ಮೇಲೆ ಕಂಟ್ರೋಲ್ ರೂಮಿನ ಗೋಡೆಯ ನಕ್ಷೆಗೆ ಬರುತ್ತಾರೆ. ಶಂಕರಪೋಳಿ ಇರುವ ಕಡೆ ಮಾತ್ರ ಒಂದೊಂದು ಬೊಟ್ಟು. ನಮ್ಮ ಜೀವ ಕಾಯೋದು ಇವೇ, ನಿಪ್ಪಟ್ಟಿಗೆ ಯಾಕೆ ಪೂಜೆ ಅನ್ನುತ್ತಾರಂತೆ. ಇಂಗ್ಲಿಷ್ ಓದಲು ಬಾರದ ಹುಡುಗರೂ ಆ ಬೊಟ್ಟು ನೋಡಿಯೇ ಯಾವುದಕ್ಕೆ ಕೈ ಹಚ್ಚಬಾರದೆಂದು ಕಲಿತರಂತೆ.

ಹೋದ ಆಯುಧಪೂಜೆಗೆ ಮನೆಯವರನ್ನೂ ಕರೆದಿದ್ದರು. ಈ ಫೋಟೊ ಅನಿತಾ ತೆಗೆದದ್ದು. ನಕ್ಷೆಯ ಮುಂದೆ ಎಂಟು ಜನ ಹಲ್ಲು ಕಿರಿದು ನಿಂತಿದ್ದಾರೆ. ಗುರುತುಗಳು ದುಂಡಗಿವೆಯೋ ಮೂಲೆಯಾಗಿವೆಯೋ, ಅಷ್ಟು ದೂರದಿಂದ ದೇವರಿಗೂ ಕಾಣದು. ಆದರೆ ಕೆಂಪು ಬೊಟ್ಟು ಕಾಣುತ್ತದೆ. ಬಲತುದಿಯಲ್ಲಿ ಮೂರನೇ ಟ್ಯಾಂಕಿನ ಚಿತ್ರ. ಅದರ ಕೆಳಗೆ ಭುಜ ತಾಗುವಂತೆ ನಿಂತು ನಗುತ್ತಿರುವವನೇ ಧರ್ಮಪ್ಪ. ಅವನ ತಲೆಯ ಮೇಲಿನ ಆ ಜಾಗದಲ್ಲಿ ಬೊಟ್ಟಿಲ್ಲ.

ಇಷ್ಟು ದಿನ ಯಾಕೆ ತೋರಿಸಲಿಲ್ಲ ಎಂದು ಅನಿತಾಳನ್ನು ಗದರಿದೆ. ಐದು ತಿಂಗಳ ಬಸುರಿ, ಗದರಬಾರದಿತ್ತು. ಕುಂಕುಮದ ವಿಷಯ ಕೋರ್ಟಿಗೆ ಬರುತ್ತದೆ ಅಂತ ಹೊಳೆದಿದ್ದೇ ನಿನ್ನೆ ಅಂದಳು. ಮದುವೆಗೆ ಮುಂಚೆ ಎರಡು ವರ್ಷ ಅದೇ ಕಾರ್ಖಾನೆಯ ಆಫೀಸಿನಲ್ಲಿ ಕಾಗದ ಪತ್ರ ನೋಡಿಕೊಳ್ಳುತ್ತಿದ್ದ ಹುಡುಗಿ. ದಡ್ಡಿಯಲ್ಲ.

ಬಿಳಿಚೋಡಿನಿಂದ ಬಸ್ಸು ಹತ್ತಿ ಕೂತಮೇಲೆ ಒಂದು ವಿಷಯ ಮನಸ್ಸಿಗೆ ಮುಳ್ಳಾಯಿತು. ಕುಂಕುಮ ಇಟ್ಟವರು ಪಾಲಣ್ಣ. ಆರೋ ಏಳೋ ಅವರಿಗೇ ಗೊತ್ತು. ನನ್ನ ಮನೆಯಲ್ಲಿ ಒಂದು ಗಂಟೆ ಕೂತು ಎಲ್ಲ ಹೇಳಿದ ಮನುಷ್ಯ ಇದೊಂದನ್ನು ಯಾಕೆ ಹೇಳಲಿಲ್ಲ? ವಯಸ್ಸಾಗಿದೆ, ಮರೆತಿರಬೇಕು ಅಂದುಕೊಂಡೆ. ಪೊಲೀಸ್ ಬುದ್ಧಿ ಮಾತ್ರ ಅಂದುಕೊಳ್ಳಲಿಲ್ಲ.

* * *

ಶುಕ್ರವಾರ ಬೆಳಿಗ್ಗೆ ಚನ್ನಗಿರಿ. ನಕ್ಷೆಯ ಮೂಲೆಯಲ್ಲಿ ಅದನ್ನು ಬರೆದ ಅಂಗಡಿಯ ಹೆಸರಿತ್ತು. ಬಸ್ ನಿಲ್ದಾಣದ ಹತ್ತಿರ ಮಹಡಿ ಮೇಲಿನ ಒಂದೇ ಕೋಣೆ. ನಡೆಸುವವಳು ಸುಚಿತ್ರಾ, ತ್ಯಾವಣಿಗೆಯ ಹೆಣ್ಣುಮಗಳು, ಡಿಪ್ಲೊಮಾ ಓದಿದವಳು. ಸುತ್ತಿನ ಕಾರ್ಖಾನೆಗಳ ನಕ್ಷೆಯನ್ನೆಲ್ಲ ಕಂಪ್ಯೂಟರಿನಲ್ಲಿ ಬರೆದು ಮಂಚದಗಲ ಪ್ರಿಂಟ್ ತೆಗೆದುಕೊಡುತ್ತಾಳೆ.

ಕೋರ್ಟಿಗೆ ಕೊಟ್ಟ ನಕ್ಷೆಯ ಝೆರಾಕ್ಸನ್ನು ಅವಳ ಮುಂದೆ ಹರಡಿದೆ. ಗುರುತು ಬಿಡಿಸಲು ಅವಳಿಗೆ ನಿಪ್ಪಟ್ಟು ಬೇಕಾಗಲಿಲ್ಲ. ಪೆನ್ಸಿಲ್ಲಿನ ಹಿಂಬದಿಯಿಂದ ಒಂದೊಂದನ್ನೇ ಮುಟ್ಟುತ್ತ ಹೋದಳು. ಮೂಲೆ ಗುರುತು ಏಳು. ಏಳನೆಯದು ಮೂರನೇ ಟ್ಯಾಂಕಿನ ನೆತ್ತಿಯ ಮೇಲೆ.

ನೀವೇ ಬರೆದದ್ದಾ ಎಂದೆ. ಅವಳು ಎದ್ದು ಪ್ರಿಂಟ್ ಯಂತ್ರದ ಮೇಲಿನ ಬಟ್ಟೆ ಸರಿಮಾಡಿದಳು. ಸುಮ್ಮನೆ ಇದ್ದ ಬಟ್ಟೆಯನ್ನು ಸರಿಮಾಡುವವರನ್ನು ನಾನು ಜೀವನದಲ್ಲಿ ಬಹಳ ನೋಡಿದ್ದೇನೆ.

"ಬರೆದದ್ದು ನಾನೇರಿ, ಎರಡು ವರ್ಷ ಆತು. ಆದ್ರೆ ಅದ್ರಾಗೆ ಆರಿತ್ತೋ ಏಳಿತ್ತೋ, ಆಣೆ ಮಾಡಾಕೆ ನನಗೆ ಆಗಲ್ಲ. ಫೈಲ್ ನಮ್ಮ ಹತ್ರ ಇಟ್ಕಳಾಕೆ ಬಿಡಲ್ಲ ಅವ್ರು. ಕೆಲಸ ಮುಗಿದ ದಿನ ಎದುರಿಗೆ ಕೂತು ಅಳಿಸಿಸ್ತಾರೆ."

ಒಂದು ಗುರುತು ಬದಲಾಯಿಸಲು ಎಷ್ಟು ಹೊತ್ತು ಬೇಕೆಂದು ಕೇಳಿದೆ. ಅರ್ಧ ನಿಮಿಷ ಅಂದಳು. ದುಂಡಗಿದ್ದದ್ದನ್ನು ಅಳಿಸಿ ಮೂಲೆಯದನ್ನು ಇಟ್ಟರೆ ಆಯಿತು, ಸುತ್ತಲಿನ ಚೌಕ ಇದ್ದ ಹಾಗೇ ಇರುತ್ತದೆ. ನನಗೆ ಮೈ ಉರಿಯಿತು. ಅರ್ಧ ನಿಮಿಷದ ಕೆಲಸದಲ್ಲಿ ಇಲ್ಲದ ಕಾವಲು ಕಾಗದದ ಮೇಲೆ ಹುಟ್ಟುತ್ತದೆ, ಒಬ್ಬ ಜೈಲಿಗೆ ಹೋಗುತ್ತಾನೆ.

ಮೂಲೆಯಲ್ಲಿ ಮೂರು ಚಿಕ್ಕ ಖಾನೆಗಳಿದ್ದವು. ಬರೆದವರು, ಪರಿಶೀಲಿಸಿದವರು, ಒಪ್ಪಿದವರು. ಮೊದಲನೆಯದರಲ್ಲಿ ಸುಚಿತ್ರಾಳ ಅಂಗಡಿಯ ಹೆಸರು, ಕೊನೆಯದರಲ್ಲಿ ಮ್ಯಾನೇಜರ್ ರಂಗನಾಥರ ಸಹಿ. ನಡುವಿನದರಲ್ಲಿ ಕೋಳಿ ಕೆದರಿದ ಹಾಗೆ ಏನೋ ಗೀಚು. ಇವರು ಯಾರು ಎಂದರೆ ಸುಚಿತ್ರಾ ಮೊದಲ ಬಾರಿ ನಕ್ಕಳು. ಪರಿಶೀಲಿಸಬೇಕಾದ ಎಂಜಿನಿಯರಿಗೆ ಪುರುಸೊತ್ತಿರುವುದಿಲ್ಲ, ಅವತ್ತು ಆಫೀಸಿನಲ್ಲಿ ಯಾರು ಕೈಗೆ ಸಿಗುತ್ತಾರೋ ಅವರ ಹತ್ತಿರ ಸಹಿ ಹಾಕಿಸಿ ಕಳಿಸುತ್ತಾರೆ ಅಂದಳು. ಎಲ್ಲ ಕಡೆಯೂ ಹಾಗೆಯೇ, ಯಾರೂ ಅದನ್ನು ದೊಡ್ಡದು ಮಾಡುವುದಿಲ್ಲ ಅಂದಳು.

ನಾನು ಮೆಟ್ಟಿಲಿಳಿಯುವಾಗ ಅವಳೇ ಹಿಂದೆ ಬಂದಳು. ಏನನ್ನೋ ನುಂಗಿಕೊಂಡು ಕೊನೆಗೆ ಉಗುಳಿದಳು.

"ಒಂದು ಮಾತು. ಆಗ ನನ್ನ ಪ್ರಿಂಟರ್ ಕೆಟ್ಟಿತ್ತು. ಎಡಗಡೆ ಅಂಚಿಂದ ನಾಲ್ಕು ಬೆರಳು ಬಿಟ್ಟು ಮ್ಯಾಲಿಂದ ಕೆಳಗಿನ ತನಕ ಕೂದಲೆಳೆಯಷ್ಟು ಬಿಳೀ ಗೆರೆ ಬೀಳೋದು. ಮೂರು ವರ್ಷ ಹಂಗೇ ದುಡಿದೆ. ಈ ದೀಪಾವಳಿಗೆ ರಿಪೇರಿ ಮಾಡಿಸಿದ್ದು. ಝೆರಾಕ್ಸ್‌ನಾಗೆ ಕಾಣಲ್ಲ. ಗೋಡೆ ಮ್ಯಾಲಿನ ಹಾಳೆ ನಂದೇ ಆದ್ರೆ ಗೆರೆ ಇರಲೇಬೇಕು."

ಇರದಿದ್ದರೆ ಎಂದೆ. ತನ್ನ ಅಂಗಡಿಯ ಹೆಸರು ಇಟ್ಟುಕೊಂಡು ಬೇರೆ ಎಲ್ಲೋ ಹೊಸದಾಗಿ ತೆಗೆಸಿದ್ದಾರೆ ಅಂತ ಅರ್ಥ ಅಂದಳು. ಅಥವಾ ದೀಪಾವಳಿಯ ನಂತರ ಇದೇ ಮಹಡಿಯಲ್ಲಿ ತೆಗೆಸಿದ್ದಾರೆ ಅಂತಲೂ ಅರ್ಥ, ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡು ಸ್ಕೂಟರ್ ಸ್ಟಾರ್ಟ್ ಮಾಡಿದೆ.

* * *

ಶನಿವಾರ ಹನ್ನೊಂದು ಗಂಟೆಗೆ ಕಣಜದ ಗೇಟಿನಲ್ಲಿ ಸಹಿ ಮಾಡಿದೆ. ಎಲ್ಲೆಡೆ ಬೆಂದ ಜೋಳದ ಹುಳಿ ವಾಸನೆ. ಮೂರನೇ ಟ್ಯಾಂಕಿದ್ದ ಕಡೆ ಹಸಿರು ಪರದೆ ಕಟ್ಟಿದ್ದರು.

ಮ್ಯಾನೇಜರ್ ರಂಗನಾಥ್ ಇಸ್ತ್ರಿ ಮುರಿಯದ ಮನುಷ್ಯ. ಬಿಪಿ ಇರುವವರ ಹತ್ತಿರ ಮಾತಾಡುವ ಹಾಗೆ ನನ್ನ ಹತ್ತಿರ ಮಾತಾಡಿದರು. ಕಾಫಿ ಬೇಕೇ, ಟೀ ಬೇಕೇ, ಎಳನೀರು ತರಿಸಲೇ. ನನಗೆ ಬೇಕಾದ್ದು ನಕ್ಷೆ ಅಂದೆ.

ಮೊದಲು ಫೋಟೊ ತೋರಿಸಿದೆ. ಅನಿತಾ ಕಳಿಸಿದ್ದು ನನ್ನ ಫೋನಿನಲ್ಲೂ ಇತ್ತು. ಪಾಲಣ್ಣನ ಕುಂಕುಮದ ಕ್ರಮ ಹೇಳಿದೆ. ಆರು ಬೊಟ್ಟು ಎಣಿಸಿ ತೋರಿಸಿದೆ. ಕೋರ್ಟಿಗೆ ಕೊಟ್ಟ ನಕ್ಷೆಯಲ್ಲಿ ಏಳು ಮೂಲೆ ಗುರುತು ಯಾಕಿದೆ ಎಂದು ಕೇಳಿದೆ.

ಅವರು ಬೆವರುತ್ತಾರೆ ಅಂದುಕೊಂಡಿದ್ದೆ. ಅವರು ನಕ್ಕರು.

"ಮೇಡಂ, ಫೋನಿನ ಫೋಟೊ. ಬೆಳಕು ಬಿದ್ದಿರುತ್ತೆ, ಕುಂಕುಮ ಉದುರಿರುತ್ತೆ. ಇಷ್ಟು ದೂರ ಬಂದಿದ್ದೀರಿ, ಹಾಳೆಯನ್ನೇ ನೋಡಿಬಿಡಿ."

ಅವರೇ ಮುಂದೆ ನಡೆದು ಕಂಟ್ರೋಲ್ ರೂಮಿನ ಬಾಗಿಲು ತೆಗೆದರು. ಫೋಟೊದಲ್ಲಿದ್ದ ಅದೇ ಗೋಡೆ, ಅದೇ ಮೊಳೆ, ಪ್ಲಾಸ್ಟಿಕ್ ಹೊದಿಸಿದ ಅದೇ ಅಗಲದ ಹಾಳೆ. ಅದರ ಮೇಲೆ ಕುಂಕುಮ ಇತ್ತು.

ಏಳು.

ಮೂರನೇ ಟ್ಯಾಂಕಿನ ಮೇಲೆ, ಫೋಟೊದಲ್ಲಿ ಧರ್ಮಪ್ಪನ ತಲೆಯ ಮೇಲೆ ಖಾಲಿಯಿದ್ದ ಜಾಗಕ್ಕೆ ಸರಿಯಾಗಿ, ಏಳನೆಯದು.

ಎರಡು ದಿನ ಬಸ್ಸು, ಸ್ಕೂಟರು ಅಂತ ಅಲೆದದ್ದು ಇಷ್ಟಕ್ಕೇನಾ ಅನ್ನಿಸಿತು. ರಂಗನಾಥ್ ಪಕ್ಕದಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ಆ ನೋಟ ನನ್ನನ್ನು ಎಚ್ಚರಿಸಿತು. ಕುಂಕುಮದ ಪ್ರಶ್ನೆ ಬರುತ್ತದೆಂದು ಇವರಿಗೆ ಮೊದಲೇ ಗೊತ್ತಿತ್ತು. ಹೇಗೆ ಗೊತ್ತಿತ್ತು?

ಕನ್ನಡಕ ಏರಿಸಿಕೊಂಡು ಎಡಗಡೆ ಅಂಚಿಗೆ ಹೋದೆ. ನಾಲ್ಕು ಬೆರಳು ಅಳೆದೆ. ಮೇಲಿನಿಂದ ಕೆಳಗಿನವರೆಗೆ ಕಣ್ಣು ಹಾಯಿಸಿದೆ. ಕಪ್ಪು ಗೆರೆಗಳು ಎಲ್ಲಿಯೂ ತುಂಡಾಗದೆ ಹರಿದಿದ್ದವು. ಐದು ಬೆರಳು ಅಳೆದೆ, ಆರು ಬೆರಳು ಅಳೆದೆ. ಬಿಳಿ ಗೆರೆ ಇರಲಿಲ್ಲ.

"ಏನು ಹುಡುಕುತ್ತಿದ್ದೀರಿ?" ರಂಗನಾಥರ ದನಿಯಲ್ಲಿ ಮೊದಲ ಸಲ ಇಸ್ತ್ರಿ ಸ್ವಲ್ಪ ಮುದುಡಿತು.

"ಎಷ್ಟು ಚೊಕ್ಕಟ ಇಟ್ಟಿದ್ದೀರಲ್ಲ ಅಂತ ನೋಡ್ತಿದ್ದೆ. ಇದು ಎಷ್ಟು ದಿನದಿಂದ ಇಲ್ಲೈತೆ?"

"ಎರಡು ವರ್ಷದಿಂದ."

"ನಡುವೆ ಬದಲಾಯಿಸಿಲ್ಲ?"

"ಇಲ್ಲ. ಯಾರನ್ನು ಬೇಕಾದರೂ ಕೇಳಿ."

"ಯಾರನ್ನೋ ಯಾಕೆ ಕೇಳಲಿ, ನೀವೇ ದೊಡ್ಡವರು. ಒಂದು ಸಾಲು ಬರೆದು ಕೊಡ್ರಿ. ನನ್ನ ವಕೀಲರಿಗೆ ತೋರಿಸಿ ಈ ಕೇಸು ಕೈಬಿಡ್ತೀನಿ."

ಸೋತವಳ ಮುಖ ಮಾಡಿದೆ. ಇಲಾಖೆಯಲ್ಲಿ ಇಪ್ಪತ್ತೆಂಟು ವರ್ಷ ಆ ಮುಖ ಮಾಡಿ ಮಾಡಿ ರೂಢಿಯಾಗಿದೆ. ಅವರು ನನ್ನ ನೋಟ್‌ಬುಕ್ಕು ತೆಗೆದುಕೊಂಡು ಉದಾರವಾಗಿ ಬರೆದರು: ಗೋಡೆಯ ಮೇಲಿರುವ ಈ ಹಾಳೆ ಎರಡು ವರ್ಷದಿಂದ ಇದೇ ಜಾಗದಲ್ಲಿದೆ, ಒಮ್ಮೆಯೂ ಬದಲಾಯಿಸಿಲ್ಲ. ಕೆಳಗೆ ಉದ್ದ ಸಹಿ, ದಿನಾಂಕ. ಹಾಳೆಯ ಫೋಟೊ ತೆಗೆದುಕೊಳ್ಳಲೂ ಬಿಟ್ಟರು.

ಸಿಕ್ಕಿಬಿದ್ದೆಯಲ್ಲೋ ಮಾರಾಯ, ಅಂತ ಒಳಗೊಳಗೇ ಕುಣಿದೆ. ಸುಚಿತ್ರಾ ಸೋಮವಾರ ಬಂದು ಬಿಳಿ ಗೆರೆಯ ವಿಷಯ ಹೇಳಿದರೆ, ಆ ವರ್ಷದ ಬೇರೆ ಯಾವುದಾದರೂ ಕಾರ್ಖಾನೆಯ ಹಾಳೆ ಪಕ್ಕದಲ್ಲಿಟ್ಟು ತೋರಿಸಿದರೆ, ಈ ಸಹಿಯೇ ರಂಗನಾಥರ ಕುತ್ತಿಗೆಗೆ ಬರುತ್ತದೆ. ಓಬಳೇಶ ಮನೆಗೆ ಹೋಗುತ್ತಾನೆ.

ಕೊನೆಗೆ ಒಂದು ಫೋಟೊ ಹತ್ತಿರದಿಂದ ಇರಲಿ ಅಂತ ಏಳನೆಯ ಕುಂಕುಮದ ಹತ್ತಿರ ಫೋನು ಹಿಡಿದೆ. ಹಿಡಿದವಳು ಹಾಗೇ ನಿಂತೆ.

ಬೊಟ್ಟು ದುಂಡಗಿರಲಿಲ್ಲ. ಒಂದು ಕಡೆ ಓರೆಯಾಗಿ ಕತ್ತರಿಸಿ ಹೋಗಿತ್ತು. ಉಳಿದ ಆರನ್ನೂ ಒಂದೊಂದಾಗಿ ನೋಡಿದೆ. ಎಲ್ಲವೂ ಹಾಗೆಯೇ, ಎಲ್ಲವೂ ಒಂದೇ ಕಡೆಗೆ ಓರೆ.

ಹಾಳೆ ಹೊಸದು. ಹೊಸ ಹಾಳೆಯ ಮೇಲೆ ಹಳೆಯ ಬೆರಳು.

* * *

ಪಾಲಣ್ಣ ಗೇಟಿನಾಚೆ, ಸೂರಗೊಂಡನಕೊಪ್ಪದ ಕಡೆ ಹೋಗುವ ರಸ್ತೆಯ ಚಹಾ ಅಂಗಡಿಯ ಹತ್ತಿರ ನನ್ನ ಸ್ಕೂಟರಿನ ಪಕ್ಕದಲ್ಲೇ ಕಾಯುತ್ತ ನಿಂತಿದ್ದರು. ಎಣ್ಣೆ ಮೆತ್ತಿದ ಅಂಗಿ, ಕೈಯಲ್ಲಿ ಊಟದ ಡಬ್ಬಿ. ಏನಾದರೂ ಸಿಕ್ಕಿತೇ ಎಂದು ಕೇಳಿದರು. ಕಣ್ಣಲ್ಲಿ ಆಸೆಯಿತ್ತೋ ಹೆದರಿಕೆಯಿತ್ತೋ, ನಿನ್ನೆಯಾದರೆ ಆಸೆ ಅಂತಲೇ ಹೇಳುತ್ತಿದ್ದೆ.

ಕಂಟ್ರೋಲ್ ರೂಮಿಗೆ ಕೊನೆಯ ಸಲ ಹೋಗಿದ್ದು ಯಾವಾಗ ಎಂದೆ. ಬೆಂಕಿ ಬಿದ್ದ ದಿನದಿಂದ ಆ ಬಾಗಿಲು ದಾಟಿಲ್ಲ, ಮೊದಲೇ ಹೇಳಿದ್ದೆನಲ್ಲ ಅಂದರು. ಹೌದು, ಹೇಳಿದ್ದರು.

"ಬೆರಳು ತೋರಿಸ್ರಿ ಪಾಲಣ್ಣ."

ಅವರು ತೋರಿಸಲಿಲ್ಲ. ಬಲಗೈ ಮುಷ್ಟಿ ಮಾಡಿ ಡಬ್ಬಿಯ ಹಿಂದೆ ಸರಿಸಿದರು. ನಾನು ಸ್ಕೂಟರಿನ ಮುಂಬದಿಯ ಒಣಗಿದ ಬೊಟ್ಟನ್ನು ತೋರಿಸಿದೆ. ಆಮೇಲೆ ಫೋನಿನಲ್ಲಿದ್ದ ಏಳನೆಯ ಬೊಟ್ಟನ್ನು ಅದರ ಪಕ್ಕದಲ್ಲಿ ಹಿಡಿದೆ.

ಅವರು ಅಂಗಡಿಯ ಬೆಂಚಿನ ಮೇಲೆ ಕೂತರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸ್ವಂತ ಅಳಿಯನನ್ನು ಹಳ್ಳಕ್ಕೆ ತಳ್ಳಿ, ಹಗ್ಗ ಇಳಿಬಿಡು ಅಂತ ನನ್ನನ್ನು ಕರೆಸಿದ್ದೀರಲ್ಲ, ನಾಚಿಕೆಯಾಗಲಿಲ್ಲವೇ ಎಂದು ಬೈದೆ. ಚಹಾ ಅಂಗಡಿಯವನು ತಿರುಗಿ ನೋಡಿದ. ಪಾಲಣ್ಣ ಬೈಗುಳವನ್ನೆಲ್ಲ ತಲೆತಗ್ಗಿಸಿ ಕೇಳಿಸಿಕೊಂಡರು.

"ಹಳೇ ಹಾಳೆಯಾಗೆ ಪರಿಶೀಲಿಸಿದವರು ಅನ್ನೋ ಜಾಗದಾಗೆ ನನ್ನ ಮಗಳ ಸಹಿ ಐತೆ ಮೇಡಮ್ಮಾರೆ," ಎಂದರು ಕೊನೆಗೆ. "ಆಫೀಸಿನಾಗೆ ಇದ್ದಾಗ ಹಾಕು ಅಂದ್ರು, ಹಾಕಿದಾಳೆ. ಅವಳಿಗೆ ಶಂಕರಪೋಳಿ ಗೊತ್ತಾ, ನಿಪ್ಪಟ್ಟು ಗೊತ್ತಾ. ಮೂರನೇ ಟ್ಯಾಂಕಿಗೆ ಕಾವಲಿಲ್ಲ ಅಂತ ಗೊತ್ತಿದ್ದೂ ಸಹಿ ಹಾಕಿದಾಳೆ ಅಂತ ಕೇಸು ಮಾಡ್ತೀವಿ ಅಂದ್ರು."

"ಯಾರು, ರಂಗನಾಥ್?"

"ಅವ್ರೇ. ಬೆಂಕಿ ಬಿದ್ದ ಮ್ಯಾಲೆ ಹೊಸ ಹಾಳೆ ತಂದು ಮುಂದಿಟ್ರು. ಹಳೇದ್ರಾಗೆ ಕುಂಕುಮ ಇದ್ದಿದ್ದು ಎಲ್ಲರಿಗೂ ಗೊತ್ತು, ಇದಕ್ಕೂ ಇಡು, ಏಳೂ ಇಡು ಅಂದ್ರು. ಒಂದು ಕಡೆ ಅಳಿಯ, ಒಂದು ಕಡೆ ಮಗಳು. ಆಕೆಗೆ ಐದು ತಿಂಗಳು. ಅವ್ನು ಗಂಡಸು, ತಡಕಂತಾನೆ ಅಂದ್ಕಂಡೆ."

ಹಾಗಾದರೆ ನನ್ನ ಬಾಗಿಲಿಗೆ ಯಾಕೆ ಬಂದಿರಿ ಎಂದೆ. ಅನಿತಾ ಬಿಡಲಿಲ್ಲವಂತೆ. ನನ್ನ ಹೆಸರು, ವಿಳಾಸ ಎಲ್ಲ ಅವಳೇ ತಂದು, ನೀನು ಹೋಗದಿದ್ದರೆ ನಾನೇ ಹೋಗುತ್ತೇನೆ ಅಂದಳಂತೆ. ಹೇಗೂ ಯಾರೋ ಹುಡುಕುವುದಾದರೆ ಏನು ಹುಡುಕುತ್ತಾರೆ ಅಂತ ತನಗೂ ಗೊತ್ತಿರಲಿ ಅಂತ ಇವರು ಬಂದರಂತೆ. ಕುಂಕುಮದ ಫೋಟೊ ಸಿಕ್ಕಿದ ಸಂಗತಿ ಮಗಳು ತಂದೆಗೆ ಹೇಳಿದ್ದಾಳೆ, ತಂದೆ ಮ್ಯಾನೇಜರಿಗೆ. ರಂಗನಾಥರ ನಗುವಿನ ಅರ್ಥ ಈಗಾಯಿತು.

ನನ್ನ ಸಿಟ್ಟು ಇಳಿಯಲಿಲ್ಲ, ಆದರೆ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹೋಯಿತು. ಸೋಮವಾರ ಬಿಳಿ ಗೆರೆ ಎತ್ತಿದರೆ, ಹಳೆಯದು ಎಲ್ಲಿ ಅಂತ ನ್ಯಾಯಾಧೀಶರು ಕೇಳುತ್ತಾರೆ. ಹಳೆಯದು ಬಂದರೆ ಓಬಳೇಶ ಉಳಿಯುತ್ತಾನೆ, ಅವನ ಜಾಗದಲ್ಲಿ ಅವನ ಹೆಂಡತಿ ನಿಲ್ಲಬೇಕಾಗುತ್ತದೆ. ಬರದಿದ್ದರೆ ಒಂದು ಬಿಳಿ ಗೆರೆಯ ಕಥೆಯನ್ನು ಎಷ್ಟು ಜನ ನಂಬುತ್ತಾರೆ?

"ಹಳೇ ಹಾಳೆ ಏನು ಮಾಡಿದ್ರಿ?"

"ಸುಟ್ಟುಬಿಡು ಅಂತ ನನ್ನ ಕೈಗೇ ಕೊಟ್ರು."

"ಸುಟ್ಟಿರಾ?"

ಪಾಲಣ್ಣ ಅಡ್ಡಡ್ಡ ತಲೆಯಾಡಿಸಿದರು. "ಕುಂಕುಮ ಇಟ್ಟ ಹಾಳೆ ಮೇಡಮ್ಮಾರೆ," ಎಂದರು. "ಹೆಂಗೆ ಸುಡಲಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ರಿಂಗಾಯಿತು. ಪರದೆಯ ಮೇಲೆ ಅನಿತಾಳ ಹೆಸರು. ಪಾಲಣ್ಣ ಅದನ್ನು ಓದಿದರು. ಎತ್ತಬೇಡಿ ಅನ್ನುವ ಹಾಗೆ ಆ ತುಂಡು ಬೆರಳಿನ ಕೈ ಮುಂದೆ ಬಂತು. ನಾನು ಎತ್ತಿದೆ.

ಸೋಮವಾರ ಕೋರ್ಟಿಗೆ ಹತ್ತಿರವಾಗಲಿ ಅಂತ ಬೆಳಿಗ್ಗೆಯೇ ನ್ಯಾಮತಿಯ ತವರುಮನೆಗೆ ಬಂದಿದ್ದೇನೆ ಅಂದಳು. ಎರಡು ತಿಂಗಳಲ್ಲಿ ಮೊದಲ ಬಾರಿ ಅವಳ ದನಿಯಲ್ಲಿ ನಗು ಇತ್ತು. ಮಲಗಲು ಅಟ್ಟದಿಂದ ಚಾಪೆ ಇಳಿಸಿದರೆ ಅದರೊಳಗೆ ಸುತ್ತಿಟ್ಟ ಒಂದು ದೊಡ್ಡ ಹಾಳೆ ಸಿಕ್ಕಿತಂತೆ. ಬಿಚ್ಚಿ ಎಣಿಸಿದಳಂತೆ. ಅವಳ ಮಾತು ಫೋನಿನ ಆಚೆಗೂ ಕೇಳುತ್ತಿತ್ತು.

"ಆರೇ ಕುಂಕುಮ ಐತೆ ಅಕ್ಕಾ. ಅಪ್ಪ ನಮಗೋಸ್ಕರ ಕಾಪಾಡಿ ಇಟ್ಟಿರಬೇಕು, ಹೇಳಾಕೆ ಹೆದರ್ಕೊಂಡಿದಾರೆ. ಮೂಲ್ಯಾಗೆ ನಂದೇ ಸಹಿ ಐತೆ, ನಾನೇ ಹಾಕಿದ್ದು. ಇನ್ನು ಇದನ್ನ ಸುಳ್ಳು ಹಾಳೆ ಅನ್ನಾಕೆ ಯಾರಿಗೂ ಆಗಲ್ಲ. ಸೋಮವಾರ ನಾನೇ ಕಟಕಟೆಗೆ ಹತ್ತಿ ಹೇಳ್ತೀನಿ."

ಪಾಲಣ್ಣ ಎದ್ದು ನಿಂತಿದ್ದರು. ಊಟದ ಡಬ್ಬಿ ಕೈಯಿಂದ ಜಾರಿ ರಸ್ತೆಗೆ ಬಿದ್ದಿತ್ತು. ಅವರು ನನ್ನ ಬಾಯನ್ನೇ ನೋಡುತ್ತಿದ್ದರು.

"ಅಕ್ಕಾ, ಕೇಳ್ತೈತಾ?" ಅನಿತಾ ಕೇಳಿದಳು. "ತರಲಾ?"